ಅಮೆರಿಕದ ಚಿಟ್ಟೆ ಹಾರಿದ್ದಕ್ಕೆ ಸಾದಲಿಯ ಮೇಷ್ಟರಿಗೆ ವರ್ಗವೇ?

ಮಾನ್ಯ ಸ್ಕೂಲ್ ಇನ್ಸ್‌ಪೆಕ್ಟರ್ ಸಾಹೇಬರೇ,

ತೊಂಬತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ಹಾರಿಹೋದ ಚಿಟ್ಟೆಗಾಗಿ ನಮ್ಮ ಸಾದಲಿಯ ಮೇಷ್ಟರು ವೆಂಕಟರವಣಪ್ಪನವರನ್ನು ತಾವು ಮಂಚೇನಹಳ್ಳಿಯ ಆಚೆಗೆ ವರ್ಗ ಮಾಡಿದ್ದೀರಿ. ಇಂಥ ದೂರದೃಷ್ಟಿಯ ಆಡಳಿತವನ್ನು ಈ ಸೀಮೆ ಕಂಡಿರಲಿಲ್ಲ. ಪಠ್ಯದಲ್ಲಿಲ್ಲದ ಚರಿತ್ರೆ ಹೇಳಿ ಮೇಲಧಿಕಾರಿಗೆ ಅಗೌರವ ತೋರಿಸಿದರಂತೆ. ಸ್ವಾಮಿ, ಅಗೌರವ ಮೇಷ್ಟರದಲ್ಲ, ನಮ್ಮ ತಾಯಿ ಅಕ್ಕಯ್ಯಮ್ಮನದು. ಆಕೆಯನ್ನು ವರ್ಗ ಮಾಡುವ ಅಧಿಕಾರ ತಮಗಿದ್ದರೆ ನನ್ನ ಹೆಂಡತಿಯ ಆಕ್ಷೇಪಣೆಯೇನೂ ಇಲ್ಲ.

ನಡೆದದ್ದಿಷ್ಟು. ಶುಕ್ರವಾರ ಸಂಜೆ ಶಾಲೆಯ ಜಗಲಿಯಲ್ಲಿ ಮೇಷ್ಟರು ದೊಡ್ಡವರಿಗೆ ದೇಶವಿದೇಶಗಳ ಚರಿತ್ರೆ ಹೇಳುತ್ತಿದ್ದರು. ಅಮೆರಿಕದ ಅಧ್ಯಕ್ಷರುಗಳ ಹೆಸರಿಗೆ ನಾವು ತೂಕಡಿಸುವುದನ್ನು ಕಂಡು, ರೇಷ್ಮೆಹುಳು ಸಾಕುವ ನಮಗೆ ರೇಷ್ಮೆಯದೇ ಕಥೆ ತೆಗೆದರು. ಟ್ರೂವಲೋ ಎಂಬಾತ ಮೆಡ್‌ಫರ್ಡ್ ಎಂಬ ಊರಿನ ತನ್ನ ಹಿತ್ತಲಲ್ಲಿ ಬಲೆ ಕಟ್ಟಿ ರೇಷ್ಮೆಹುಳು ಸಾಕುತ್ತಿದ್ದನಂತೆ. ಯೂರೋಪಿನಿಂದ ಇನ್ನೊಂದು ಜಾತಿಯ ಹುಳುವನ್ನೂ ತರಿಸಿದನಂತೆ. ಅದು ಹೇಗೋ ತಪ್ಪಿಸಿಕೊಂಡು, ಇಪ್ಪತ್ತು ವರ್ಷದಲ್ಲಿ ಊರಿನ ಮರಗಳನ್ನೆಲ್ಲ ತಿಂದು ಬೋಳು ಮಾಡಿತಂತೆ.

ತಪ್ಪಿಸಿಕೊಂಡಿತೇ? ಜಗಲಿಗೆ ಜಗಲಿಯೇ ಎದ್ದು ನಿಂತಿತು. ಅದು ನಮ್ಮ ಜಾತಿಯ ಹುಳುವಲ್ಲ ಎಂದು ಮೇಷ್ಟರು ಬಾಯಿ ಬಡಿದುಕೊಂಡರೂ ಕೇಳುವವರಾರು? ನಮ್ಮ ಕಡೆ ಹುಳು ಕೆಟ್ಟಿತೆಂದರೆ ಕಾರಣ ಒಂದೇ: ಹೊರಗಿನವರು ಯಾರೋ ಕಾಲು ತೊಳೆಯದೆ ಹುಳುಮನೆಗೆ ನುಗ್ಗಿದ್ದಾರೆ. ಇಲ್ಲವೇ ವಾಸನೆ ಹೊತ್ತು ಬಂದಿದ್ದಾರೆ. ಅಮೆರಿಕಕ್ಕೂ ಅದೇ ನ್ಯಾಯ ಹಚ್ಚಿದೆವು. ತೀರ್ಪು ಕೊಟ್ಟವಳು ನಮ್ಮಮ್ಮ.

"ಯಾರೋ ಅತ್ತರು ಬಳ್ಕೊಂಡು ಒಳಕ್ಕೆ ಬಂದವ್ರೆ ಕಣಪ್ಪ. ತಡೀಲಾರ್ದೆ ಹಾರ್‌ಹೋಗವೆ."

ಶಾಲೆಯ ತಪಾಸಣೆಗೆಂದು ತಾವು ಜಗಲಿ ಹತ್ತಿದ್ದು ಅದೇ ಗಳಿಗೆಗೆ. ತಮಗಿಂತ ಮುಂಚೆ ತಮ್ಮ ಅತ್ತರು ಬಂದಿತ್ತು. ನೂಲು ಬಿಚ್ಚುವ ಕಲಂದರ್ ಸಾಹೇಬರು ನಗು ತಡೆಯಲಾಗದೆ ಕಂಬ ಹಿಡಿದುಕೊಂಡರು. ನಾವೂ ನಕ್ಕೆವು. ನಗದೇ ಇದ್ದವರು ಇಬ್ಬರೇ, ತಾವು ಮತ್ತು ಮೇಷ್ಟರು. ಆದರೆ ಶಿಕ್ಷೆ ಆ ಇಬ್ಬರಲ್ಲೊಬ್ಬರಿಗೇ ಆಯಿತಲ್ಲ, ಇದು ಯಾವ ಕಾನೂನು?

ಕಥೆ ಅರ್ಧಕ್ಕೇ ನಿಂತಿತು. ಮಿಕ್ಕಿದ್ದನ್ನು ಮೇಷ್ಟರು ಗಂಟುಮೂಟೆ ಕಟ್ಟುತ್ತಾ ಹೇಳಿದರು. ಆ ಟ್ರೂವಲೋ ಆಮೇಲೆ ಹುಳು ಬಿಟ್ಟು ನಕ್ಷತ್ರ ಹಿಡಿದನಂತೆ, ಆಕಾಶದ ಚಿತ್ರಗಳನ್ನು ಸಾವಿರಗಟ್ಟಲೆ ಬರೆದನಂತೆ. ಚಿಟ್ಟೆ ಬಿಟ್ಟವನ ಕೈಗೆ ಅಮೆರಿಕದವರು ದೊಡ್ಡ ದುರ್ಬೀನು ಕೊಟ್ಟರು. ಕಥೆ ಹೇಳಿದವರಿಗೆ ತಾವು ಬಸ್ಸು ತೋರಿಸಿದಿರಿ.

ನಮ್ಮ ಬೇಡಿಕೆ ದೊಡ್ಡದಲ್ಲ. ವರ್ಗದ ಆದೇಶ ಹಿಂದಕ್ಕೆ ತೆಗೆದುಕೊಳ್ಳಿ. ನಮಗೆ ಮೇಷ್ಟರು ಬೇಕು, ಶುಕ್ರವಾರ ಬೇಕು. ಆಗದೆಂದರೆ ಮುಂದಿನ ಶುಕ್ರವಾರ ತಾವೇ ಬಂದು ಅಮೆರಿಕದ ಚರಿತ್ರೆ ಹೇಳಿ, ನಾವು ತೂಕಡಿಸದೆ ಕೇಳುತ್ತೇವೆ. ಈ ಪತ್ರ ಓದಿ ಹೇಳಿದಾಗ ನಮ್ಮಮ್ಮ ಅಂದಳು:

"ಕ್ಷಮಿಸ್‌ಬೇಕು ಅಂತ ಬರಿಯಪ್ಪ. ಅತ್ತರು ಚೆನ್ನಾಗೇ ಇತ್ತು. ಮೇಷ್ಟ್ರನ್ನ ನಮ್ಗೆ ಬಿಟ್ಕೊಡಕ್ಕೇಳು."

ಇಂತಿ,
ತಾಯಿಯ ಬಾಯಿಗೂ ತಮ್ಮ ಮೂಗಿಗೂ ನಡುವೆ ಸಿಕ್ಕಿಕೊಂಡಿರುವ
ಮುನಿಗಂಗಪ್ಪ, ಸಾದಲಿ, ೧೯೫೯