ಅವ್ವನ ಕೆಮ್ಮು

ಅವ್ವ,

ನೀನು ಹೋದ ಮೇಲೆ ನಾನು ಆಶಾ ಕಾರ್ಯಕರ್ತೆಯಾದೆ. ಇವತ್ತು ಹೂವಿನ ಹಿಪ್ಪರಗಿಯಲ್ಲಿ ಶಂಕ್ರೆವ್ವನ ಮನೆಗೆ ಹೋಗಿದ್ದೆ. ಆಕೆಗೂ ನಿನ್ನ ಹಾಗೆಯೇ ಮರೆವಿನ ಕಾಯಿಲೆ. ಸೊಸೆ ವಿಜಯಶ್ರೀ ಆಕೆಯನ್ನು ಮಲಗಿಸಿಯೇ ನುಚ್ಚು ಉಣಿಸುತ್ತಿದ್ದಳು. ತುತ್ತು ತುತ್ತಿಗೂ ಕೆಮ್ಮು.

“ಮೊದಲ ಎಬ್ಬಿಸಿ ಕೂಡ್ರಸವ್ವಾ,” ಎಂದೆ. “ಈ ಜಡ್ಡಿನ್ಯಾಗ ನುಂಗೂದೂ ಮರ್ತು ಹೋಗ್ತೈತಿ. ಜೋರಾಗಿ ಕೆಮ್ಮಾಕ ಎದಿಯಾಗ ಶಕ್ತಿ ಇರೂದಿಲ್ಲ. ಉಂಡಿದ್ದು ಉಸಿರಿನ ದಾರಿ ಹಿಡದು ಎದಿಗೆ ಇಳದ್ರ ನಿಮೋನಿಯಾ ಆಗ್ತೈತಿ.”

ಬೆನ್ನಿಗೆ ದಿಂಬು ಕೊಟ್ಟೆವು. ಸಣ್ಣ ಚಮಚದಲ್ಲಿ ಒಂದೊಂದೇ ತುತ್ತು ಹಾಕಿ, ನುಂಗುವವರೆಗೆ ಕಾದೆ. ಮುಕ್ಕಾಲು ಗಂಟೆ ಹಿಡಿಯಿತು. ಶಂಕ್ರೆವ್ವ ಎರಡೇ ಸಲ ಕೆಮ್ಮಿದಳು.

ನಿನಗೆ ಉಣಿಸುವುದನ್ನು ನಾನು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ, ನೀನು ಮಲಗಿದ್ದಲ್ಲೇ. ನೀನು ಕೆಮ್ಮಿದರೆ, “ನಾಟಕ ಮಾಡಬ್ಯಾಡ, ನುಂಗು,” ಎಂದು ಗದರುತ್ತಿದ್ದೆ. ಆಮೇಲೆ ಜ್ವರ ಬಂತು, ಉಸಿರು ಏರಿತು, ನಾಲ್ಕನೆಯ ದಿನ ನೀನು ಇರಲಿಲ್ಲ. ಬಂದವರೆಲ್ಲ ವಯಸ್ಸಾಗಿತ್ತು ಎಂದರು. ನಾನೂ ಹೌದೆಂದು ತಲೆಯಾಡಿಸಿದೆ.

ಹೊರಡುವಾಗ ವಿಜಯಶ್ರೀ ನನ್ನ ಕೈಗೆ ನೀರು ಹಾಕುತ್ತ ಕೇಳಿದಳು: “ಎಷ್ಟ ಸಮಾಧಾನ ಐತ್ರಿ ನಿಮಗ. ನಿಮ್ಮವ್ವಗೂ ಹಿಂಗ ಉಣಸ್ತಿದ್ರೇನ್ರಿ, ಅಕ್ಕಾರ?”

“ಹೂಂ,” ಎಂದೆ.

“ಪುಣ್ಯಾ ಮಾಡಿದ್ರು ಬಿಡ್ರಿ ನಿಮ್ಮವ್ವ.”

ಶಂಕ್ರೆವ್ವ ದಿಂಬಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ಆಕೆಗೆ ಈ ಮಾತು ತಿಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಚಪ್ಪಲಿ ಹುಡುಕುವವಳಂತೆ ತಲೆ ತಗ್ಗಿಸಿಕೊಂಡೇ ಹೊರಗೆ ಬಂದೆ.

ದಾನೇಶ್ವರಿ