ಕಿವಿಬಿಲ್ಲೆ ಇಲ್ಲದ ಕುರಿಯ ತಲೆ

ಪ್ರಾಣಿರೋಗ ಪರೀಕ್ಷಾಲಯದ ಮುಖ್ಯಾಧಿಕಾರಿಗಳೇ,

ನಾವು ಕೊಟ್ಟ ಕುರಿಯ ತಲೆಯನ್ನು ಆರು ದಿನ ಟಪಾಲು ಮೇಜಿನ ಮೇಲೆ ಕೊಳೆಸಿ, ಏಳನೇ ದಿನ "ಮಾದರಿ ಅನರ್ಹ" ಎಂದು ಬರೆದಿದ್ದೀರಿ. ಅನರ್ಹರು ಯಾರೆಂದು ಸ್ವಲ್ಪ ವಿಚಾರಿಸೋಣವೇ?

ನಾನು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವನು. ಆದರೆ ನೂರು ಕುರಿಗಳ ನಡುವೆ ಕಣ್ಣು ಮುಚ್ಚಿ ನಿಂತು, ಕೆಮ್ಮಿದ್ದು ಯಾವುದೆಂದು ಹೇಳಬಲ್ಲೆ. ಆ ಜಂಬದಿಂದಲೇ ಕೆಟ್ಟೆ. ತಂಗಿಯ ಮಗಳ ದೊಡ್ಡಿಯಲ್ಲಿ ದೊರೆಸಾನಿ ಎಂಬ ಕುರಿ ಕಂಬಕ್ಕೆ ಮೈ ಉಜ್ಜತೊಡಗಿದಾಗ, "ಕಜ್ಜಿ ಕಣೇ, ನನ್ನ ಎಣ್ಣೆಗೆ ಮೂರೇ ದಿನ" ಎಂದು ಮೀಸೆ ತಿರುವಿದೆ. ತಿಂಗಳು ಹಚ್ಚಿದೆ. ಉಣ್ಣೆ ಉದುರಿತು, ಕಾಲು ನಡುಗಿತು.

"ಮಾವ, ಕಜ್ಜಿಗೆ ಯಾರಾದ್ರೂ ತೂರಾಡ್ತಾರಾ? ನಿನ್ನ ಎಣ್ಣೆ ಅದರ ತಲೆಗೇರಿತೇನು?" ಎಂದಳು ಹುಡುಗಿ.

ಪಶುವೈದ್ಯೆ ಬಂದು ನನ್ನ ಬಾಯಿ ಮುಚ್ಚಿಸಿದರು. ಇದು ಸ್ಕ್ರೇಪಿ ಎಂಬ ಮಿದುಳು ರೋಗ ಇರಬಹುದಂತೆ. ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನು ಮಿದುಳನ್ನು ತೂತು ತೂತು ಮಾಡುತ್ತದಂತೆ. ಖಾತ್ರಿಯಾಗಬೇಕಾದರೆ ಸತ್ತ ಮೇಲೆ ಮಿದುಳಿನ ಬುಡ ನೋಡಬೇಕು, ಅದೂ ಕೊಳೆಯುವ ಮೊದಲು.

ದೊರೆಸಾನಿ ಸತ್ತಳು. ವೈದ್ಯೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟುಕೊಟ್ಟ ತಲೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ನಿಮ್ಮ ಗುಮಾಸ್ತರು ಮುಚ್ಚಳವನ್ನೂ ತೆರೆಯಲಿಲ್ಲ.

"ಕಿವಿಬಿಲ್ಲೆ ಎಲ್ರೀ?"

"ಕಂಬಕ್ಕೆ ಉಜ್ಜಿ ಉಜ್ಜಿ ಕಿತ್ತುಹೋಗಿದೆ ಸ್ವಾಮಿ. ಅದೇ ರೋಗ."

"ಸಂಖ್ಯೆ ಇಲ್ದೆ ನೋಂದಣಿ ಇಲ್ಲ. ಬಿಲ್ಲೆ ತನ್ನಿ, ಪೆಟ್ಟಿಗೆ ಇಲ್ಲೇ ಇರ್ಲಿ."

ಸ್ವಾಮಿ, ಯಾವ ರೋಗವನ್ನು ಹುಡುಕಲು ನೀವು ಕುರ್ಚಿ ಹಾಕಿ ಕುಳಿತಿದ್ದೀರೋ, ಅದೇ ರೋಗ ನಿಮ್ಮ ಬಿಲ್ಲೆಯನ್ನು ಕಿತ್ತರೆ ಅದು ರೋಗಿಯ ತಪ್ಪೇ? ದೊಡ್ಡಿ ಗುಡಿಸಿ ಸುರಿದ ಗೊಬ್ಬರದ ಗುಂಡಿಯನ್ನು ಆರು ದಿನ ಜರಡಿ ಹಿಡಿದೆ. ಬಿಲ್ಲೆ ಸಿಕ್ಕಿತು. ಅದನ್ನು ಹಿಡಿದು ನಿಮ್ಮಲ್ಲಿಗೆ ಬರುವಷ್ಟರಲ್ಲಿ ತಲೆ ನಾರಿತ್ತು. ನಿಮ್ಮ ಗೋಡೆಯ ಹಲಗೆಯ ಮೇಲೆ ಮಾತ್ರ "ಹನ್ನೊಂದು ವರ್ಷಗಳಿಂದ ಒಂದೂ ಪ್ರಕರಣವಿಲ್ಲ" ಎಂಬ ಅಕ್ಷರಗಳು ಹೊಳೆಯುತ್ತಿದ್ದವು. ಎಷ್ಟು ತಲೆ ನೋಡಿದಿರಿ ಎಂದು ಕೇಳಿದೆ. "ಬಂದದ್ದು ನಾಲ್ಕು, ನಾಲ್ಕೂ ಅನರ್ಹ" ಎಂದರು ಗುಮಾಸ್ತರು, ಪಾಪ, ಸುಳ್ಳು ಹೇಳಲಿಲ್ಲ. ಹೀಗೆ ಕಾವಲು ಕಾಯುವುದಾದರೆ ನಾನೂ ಹನ್ನೊಂದು ವರ್ಷ ಕಾಯಬಲ್ಲೆ, ಮಲಗಿಕೊಂಡೇ.

ಈ ರೋಗ ಕುರಿ ಈಯುವಾಗ ಬೀಳುವ ಕಸದಿಂದ, ಅಂದರೆ ಮಾಸಿನಿಂದ, ಹರಡುತ್ತದೆ. ದೊಡ್ಡಿಯಲ್ಲಿ ಒಂಬತ್ತು ಕುರಿಗಳು ಗಬ್ಬವಾಗಿವೆ. ಹುಡುಗಿ ಬಾಗಿಲಿಗೆ ಬೀಗ ಹಾಕಿದ್ದಾಳೆ. ಮಂದೆಯನ್ನು ಉಳಿಸಬೇಕೋ ಕೊಲ್ಲಬೇಕೋ ಎಂದು ನನ್ನನ್ನು ಕೇಳುತ್ತಾಳೆ. ಎಲ್ಲ ಬಲ್ಲ ಮಾವ ಮೀಸೆ ಮುಟ್ಟದೆ ಕೂತಿದ್ದೇನೆ.

ನನ್ನ ಬೇಡಿಕೆ ಇಷ್ಟೇ: ತಲೆ ಮೊದಲು ಶೀತಪೆಟ್ಟಿಗೆಗೆ ಹೋಗಲಿ, ಕಾಗದ ಆಮೇಲೆ. ಇದನ್ನು ಲಿಖಿತವಾಗಿ ಆದೇಶಿಸಿ, ಬೇಗ. ಯಾಕೆಂದರೆ ಇವತ್ತು ಬೆಳಿಗ್ಗೆ ದೊರೆಸಾನಿಯ ಮಗಳು ಅದೇ ಕಂಬಕ್ಕೆ ಮೈ ಉಜ್ಜುತ್ತಿದ್ದಳು. ಅವಳ ಬಿಲ್ಲೆಯನ್ನು ಈಗಲೇ ಬಿಚ್ಚಿ ಜೇಬಿನಲ್ಲಿಟ್ಟುಕೊಂಡಿದ್ದೇನೆ.

ಇಂತಿ,
ಎಣ್ಣೆ ಬಾಟಲಿ ಕೆಳಗಿಟ್ಟ ಸೋದರಮಾವ