ಏಳು ಕಾರಣ, ಒಂದು ಅರ್ಜಿ ಫೈಲು

ಮಾರ್ಚ್ 2, ಸೋಮವಾರ. ಬೆಳಗ್ಗೆ 7.10

ನಲ್ಲಿಯಲ್ಲಿ ನೀರು ಬಂದದ್ದು 6.40ಕ್ಕೆ. ಹತ್ತು ನಿಮಿಷ ತಡ. ಬರೆದಿಟ್ಟೆ. ಮೂಲೆಯ ಬೀದಿದೀಪ ಹಗಲಲ್ಲೂ ಉರಿಯುತ್ತಿದೆ, ಇದು ಮೂರನೇ ದಿನ. ನಗರಸಭೆಗೆ ಇವತ್ತೇ ಅರ್ಜಿ ಹಾಕಬೇಕು.

"ಊರ ಉಸಾಬರಿ," ಅಂದರು ಇವರು, ಕೈಲಿದ್ದ ಗಡಿಯಾರದಿಂದ ಕಣ್ಣು ಎತ್ತದೆ. ಊರವರ ಗಡಿಯಾರ ರಿಪೇರಿ ಮಾಡುವುದು ಉಸಾಬರಿಯಲ್ಲವಂತೆ. ಅದು ಕಸುಬಂತೆ.

ಬಾಗಿಲ ಸಂದಿಯಲ್ಲಿ ಬಣ್ಣದ ಕರಪತ್ರ. 'ಈ ಊರಿನಲ್ಲಿ ಮನೆ ಕೊಳ್ಳಲು ಏಳು ಕಾರಣಗಳು.' ಕೆಳಗೆ ಮಾರಾಟಕ್ಕಿರುವ ಮನೆಯ ಫೋಟೊ. ನಮ್ಮ ಮನೆ! ನಮ್ಮದು ಅಂದರೆ... ಇಪ್ಪತ್ತಾರು ವರ್ಷದಿಂದ ಬಾಡಿಗೆಗಿರುವ ಮನೆ. ತಂತಿಯ ಮೇಲೆ ನನ್ನ ಟವೆಲ್ ಕೂಡ ಕಾಣುತ್ತಿದೆ.

ಓನರ್ ಅಜ್ಜಿ ಹೋಗಿ ವರ್ಷ ತುಂಬಿಲ್ಲ. ಅವರ ಮಗನಿಗೆ ಫೋನ್ ಮಾಡಿದೆ. "ಹೇಳ್ಬೇಕು ಅಂತಾನೇ ಇದ್ದೆ ಆಂಟಿ," ಅಂದ. ಅಂತಾನೇ ಇದ್ದನಂತೆ.

ಅದೇ ದಿನ, ಸಂಜೆ 5

ಕರಪತ್ರವನ್ನು ಪೆನ್ನು ಹಿಡಿದು ಓದಿದೆ. ಕಾರಣ ಒಂದು: ನೆರಳಿನ ಬೀದಿಗಳು. ಮರ ಕಡಿಯಲು ಲಾರಿ ಬಂದ ದಿನ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತವಳು ಯಾರು? ಕೂತಲ್ಲೇ ಒಂದು ಕಾದಂಬರಿಯ ನೂರ ಹನ್ನೆರಡು ಪುಟ ಓದಿದ್ದೆ. ಎರಡು: ರೈಲ್ವೆ ಸ್ಟೇಷನ್ನಿಗೆ ಎಂಟೇ ನಿಮಿಷ. ಮೊದಲು ಗೇಟು ಬಿದ್ದರೆ ಅರ್ಧ ಗಂಟೆ ನಿಲ್ಲಬೇಕಿತ್ತು. ಆ ಮೇಲುಸೇತುವೆಗೆ ಹನ್ನೊಂದು ಪತ್ರ ಹಿಡಿಯಿತು. ಮೂರು: ಸುಸಜ್ಜಿತ ಗ್ರಂಥಾಲಯ. ಅದನ್ನು ಮುಚ್ಚುತ್ತೇವೆಂದು ಆದೇಶ ಬಂದಾಗ ಕೌಂಟರಿನಲ್ಲಿ ಕೂತಿದ್ದವಳು ನಾನೇ. ಓದುಗರ ಸಹಿ ಸಂಗ್ರಹಿಸಿದ್ದಕ್ಕೆ ಮೆಮೊ ಬಂತು. ಅದೂ ನನ್ನ ಅರ್ಜಿ ಫೈಲಿನಲ್ಲಿದೆ.

ಏಳರಲ್ಲಿ ಐದು ನನ್ನ ಫೈಲಿನವು. ಆರನೆಯದು ಶುದ್ಧ ಗಾಳಿ, ಅದನ್ನು ಬಿಟ್ಟುಕೊಟ್ಟೆ. ಏಳನೆಯದು 'ಸ್ನೇಹಮಯ ನೆರೆಹೊರೆ'.

"ಅದಕ್ಕೆ ಮಾತ್ರ ನಿನ್ನ ಅರ್ಜಿ ಇಲ್ಲ ನೋಡು," ಅಂದರು ಇವರು.

ಮಾರ್ಚ್ 8, ಭಾನುವಾರ

ದಲ್ಲಾಳಿ ಬಂದ. ಹಿಂದೆ ಗಂಡ, ಹೆಂಡತಿ, ಅಳತೆ ಟೇಪು.

"ಆಂಟಿ, ಆ ಪುಸ್ತಕ ಎಲ್ಲಾ ಸ್ವಲ್ಪ ಒಳಗಿಡ್ತೀರಾ? ಹಾಲ್ ಸಣ್ಣದಾಗಿ ಕಾಣುತ್ತೆ."

"ಹಾಲ್ ಸಣ್ಣದೇ ಇದೆಯಪ್ಪಾ."

ಹೆಂಡತಿ ಅಡುಗೆಮನೆಗೆ ಬಂದಾಗ ಚರಂಡಿಯ ಕಥೆ ಶುರು ಮಾಡಿದೆ. ಉಕ್ಕಿದ ನೀರು ಒಲೆಯ ಕಟ್ಟೆಯವರೆಗೆ ಬಂದದ್ದು, ಚಪ್ಪಲಿಗಳು ತೇಲಿಕೊಂಡು ದೇಶಾಂತರ ಹೋದದ್ದು. ಯಾವ ವರ್ಷ ಅಂತ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಹತ್ತು ನಿಮಿಷದಲ್ಲಿ ಹೊರಟರು.

ಸುಳ್ಳು ಹೇಳಿಲ್ಲ ನಾನು. ಯಾರೂ ಕೊಳ್ಳದಿದ್ದರೆ ನಾವು ಇಲ್ಲೇ ಇರಬಹುದು. ಅಷ್ಟೇ ಲೆಕ್ಕ.

ಇವರು ಮಾತಾಡಲಿಲ್ಲ. ಇವರು ಸುಮ್ಮನಿದ್ದರೆ ನನಗೆ ಕಿರಿಕಿರಿ.

ಮಾರ್ಚ್ 9

ಯಾಕೆ ಸುಮ್ಮನಿದ್ದರೆಂದು ಗೊತ್ತು. ಹನ್ನೊಂದು ವರ್ಷದ ಹಿಂದೆ ಅಜ್ಜಿ ಇದೇ ಹಾಲಿನಲ್ಲಿ ಕೂತು, "ಹೊರಗಿನೋರಿಗೆ ಕೊಡೋಕೆ ಮನಸ್ಸಿಲ್ಲ. ನೀವೇ ತಗೊಂಡ್ಬಿಡಿ," ಅಂದಿದ್ದರು. ಆಗ ನಮ್ಮ ಕೈಗೆ ಎಟುಕುತ್ತಿತ್ತು. ಈಗ ಕನಸಿನಲ್ಲೂ ಇಲ್ಲ. ಬೇಡ ಅಂದವಳು ನಾನು. "ಈ ಚರಂಡಿ ಪಕ್ಕ ಬುದ್ಧಿ ಇರೋರು ಮನೆ ತಗೋತಾರಾ?" ಅಂತ ಅಜ್ಜಿಯ ಮುಖಕ್ಕೇ ಹೇಳಿದ್ದೆ.

ನೆನಪಿನ ಶಕ್ತಿ ಒಳ್ಳೆಯದು ಅನ್ನುತ್ತಾರೆ. ಯಾರು ಅನ್ನುತ್ತಾರೋ!

ಮಾರ್ಚ್ 15, ಭಾನುವಾರ. ಮಧ್ಯಾಹ್ನ

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಇವತ್ತು ಬಂದವರು ತಾಯಿ, ಮಗಳು. ಮಗಳು ನರ್ಸ್, ಡ್ಯೂಟಿ ಮುಗಿಸಿ ನೇರ ಬಂದಿದ್ದಳು. ತಾಯಿಯ ಕೈಯಲ್ಲಿ ಊರುಗೋಲು. ಬಾಯಿಮಾತು ಸಾಲದೆಂದು ಈ ಸಲ ಅರ್ಜಿ ಫೈಲನ್ನೇ ತಂದು ಮಗಳ ಮಡಿಲಲ್ಲಿಟ್ಟೆ.

"ಓದಮ್ಮಾ. ತಗೊಳ್ಳೋ ಮುಂಚೆ ಎಲ್ಲಾ ತಿಳ್ಕೊಂಡಿರಬೇಕು. ಚರಂಡಿ ಉಕ್ಕಿದ್ದು, ನಲ್ಲೀಲಿ ಹುಳ ಬಂದಿದ್ದು, ಎಲ್ಲಾ ಇದೆ."

ದಲ್ಲಾಳಿ ಕೆಮ್ಮಿದ. ಮತ್ತೆ ಕೆಮ್ಮಿದ.

"ನೀರು ಕುಡಿಯಪ್ಪಾ," ಅಂದೆ. "ಈಗ ಹುಳ ಬರಲ್ಲ."

ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ಆ ಹುಡುಗಿ ಫೈಲನ್ನು ಹಿಂದಿನಿಂದ ತೆರೆದಿದ್ದಳು.

"ಮೊದಲಿಂದ ಓದಮ್ಮಾ."

"ನಾವು ಕೇಸ್ ಶೀಟ್ ಕೊನೇ ಪುಟದಿಂದ್ಲೇ ನೋಡೋದು ಆಂಟಿ. ಪೇಷಂಟ್ ಬಂದಾಗ ಹೇಗಿದ್ರು ಅನ್ನೋದು ಆಮೇಲೆ. ಈಗ ಹೇಗಿದ್ದಾರೆ ಅನ್ನೋದು ಮೊದಲು." ಪುಟ ತಿರುವಿದಳು. "ಎಲ್ಲದರ ಕೆಳಗೂ ಕೆಂಪು ಇಂಕಲ್ಲಿ 'ಆಯಿತು' ಅಂತಿದೆಯಲ್ಲಾ, ತಾರೀಖು ಸಮೇತ?"

"ಮತ್ತೆ? ಅರ್ಧಕ್ಕೆ ಬಿಡೋಕಾಗುತ್ತಾ?" ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ.

ತಾಯಿ ಕಿಟಕಿಯಾಚೆ ನೋಡುತ್ತಿದ್ದರು. "ಆ ಮೂಲೇಲಿ ಫುಟ್‌ಪಾತ್ ಇಳಿಜಾರು ಮಾಡಿದ್ದಾರಲ್ಲಾ, ನಾನು ಒಬ್ಬಳೇ ಹತ್ತಿ ಬಂದೆ. ಇವಳ ಕೈ ಹಿಡೀಲಿಲ್ಲ."

"ಅದಕ್ಕೆ ಎರಡು ವರ್ಷ ಓಡಾಡ್ಸಿದ್ರು," ಅಂದೆ.

"ಇಂಥೋರಿರೋ ಬೀದೀಲಿ ಕಣ್ಮುಚ್ಕೊಂಡು ಮನೆ ತಗೋಬಹುದು ಕಣೇ," ಅಂದರು ಮಗಳಿಗೆ. ಆಮೇಲೆ ನನ್ನ ಕಡೆ ತಿರುಗಿ, "ನೀವು ಇದೇ ಬೀದೀಲೇ ಇರ್ತೀರಿ ತಾನೇ ಅಕ್ಕಾ?"

ದಲ್ಲಾಳಿಯ ಕೆಮ್ಮು ನಿಂತಿತು. ನಾನು ಟಿಕ್‌ಟಿಕ್ ಅನ್ನುವ ಗೋಡೆ ಗಡಿಯಾರಗಳ ಕಡೆ ತಿರುಗಿದೆ.

"ಕಾಫಿ ಆರುತ್ತೆ, ತಗೊಳ್ಳಿ," ಅಂದರು ಇವರು.

ಮಾರ್ಚ್ 29

ಮನೆ ಹೋಯಿತು. ನರ್ಸ್ ತೆಗೆದುಕೊಂಡಳು. ಏಪ್ರಿಲ್ ಕೊನೆಗೆ ಖಾಲಿ ಮಾಡಬೇಕು.

ಎರಡು ವಾರ ಪೆನ್ನು ಮುಟ್ಟಲಿಲ್ಲ. ಬೀದಿದೀಪದ ಅರ್ಜಿಯೂ ಹೋಗಿಲ್ಲ. ದೀಪ ಹಗಲೂರಾತ್ರಿ ಉರಿಯುತ್ತಿದೆ. ಉರಿಯಲಿ.

ಇವತ್ತು ಜಗಳ. ಶುರು ಮಾಡಿದ್ದು ನಾನೇ. ಓನರ್ ಮಗನನ್ನು, ದಲ್ಲಾಳಿಯನ್ನು, ನಗರಸಭೆಯನ್ನು, ಕೊನೆಗೆ ಇವರ ಮೌನವನ್ನು ಬೈದೆ. ಇವರು ಭೂತಗನ್ನಡಿ ಕೆಳಗಿಟ್ಟರು.

"ಅಜ್ಜಿ ಕೇಳ್ದಾಗ ನಾನು ಹ್ಞೂಂ ಅಂದೆ. ಬೇಡ ಅನ್ನೋಕೆ ನೀನು ಎಂಟು ಕಾರಣ ಕೊಟ್ಟೆ."

"ಎಂಟೂ ನಿಜ ಇತ್ತು ರೀ!"

"ಇತ್ತು. ಆಮೇಲೆ ಒಂದೊಂದನ್ನೇ ನೀನೇ ಸುಳ್ಳು ಮಾಡಿದೆ."

ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಅವರು ಹೇಳಿದ್ದು ಮೆಚ್ಚಿಕೊಂಡವರ ಹಾಗಿತ್ತು.

ಏಪ್ರಿಲ್ 26, ಭಾನುವಾರ

ಆರು ಸ್ಟೇಷನ್ ಆಚೆ ಎರಡು ಕೋಣೆಯ ಮನೆ ಸಿಕ್ಕಿದೆ. ಹೋಗಿ ನೋಡಿಬಂದೆವು. ಬೀದಿಯಲ್ಲಿ ಒಂದು ಮರ ಇಲ್ಲ. ಫುಟ್‌ಪಾತ್ ಮೇಲೆ ಮರಳಿನ ರಾಶಿ. ಚರಂಡಿಗೆ ಮುಚ್ಚಳವಿಲ್ಲ.

"ನಿನಗೆ ಕೈತುಂಬಾ ಕೆಲಸ," ಅಂದರು ಇವರು. ನಗಲಿಲ್ಲ ನಾನು. ನನಗೆ ಅರವತ್ನಾಲ್ಕು. ಒಂದು ಇಳಿಜಾರಿಗೆ ಎರಡು ವರ್ಷ.

ನರ್ಸ್ ಫೋನ್ ಮಾಡಿದ್ದಳು. "ಆಂಟಿ, ಕೇಳೋಕೆ ಸಂಕೋಚ... ಆ ಫೈಲು ಬಿಟ್ಟು ಹೋಗ್ತೀರಾ? ಮುಂದೆ ಏನಾದ್ರೂ ಆದ್ರೆ ಯಾರಿಗೆ ಬರೀಬೇಕು, ಹೇಗೆ ಬರೀಬೇಕು, ಒಂದೂ ಗೊತ್ತಿಲ್ಲ."

ಮನೆಯೂ ಬೇಕು, ಫೈಲೂ ಬೇಕು! "ಆಗಲ್ಲಮ್ಮಾ," ಅಂದು ಇಟ್ಟುಬಿಟ್ಟೆ.

ಏಪ್ರಿಲ್ 30, ಗುರುವಾರ. ಬೆಳಗ್ಗೆ 6.30

ನೀರು ಸರಿಯಾದ ಸಮಯಕ್ಕೆ ಬಂತು. ಬರೆದಿಟ್ಟೆ.

ಗಡಿಯಾರಗಳೆಲ್ಲ ಡಬ್ಬಿಯೊಳಗೆ. ಸದ್ದಿಲ್ಲದ ಹಾಲ್ ದೊಡ್ಡದಾಗಿ ಕಾಣುತ್ತದೆ. ದಲ್ಲಾಳಿ ಹೇಳಿದ್ದು ಸರಿ, ಅಡ್ಡವಾಗಿದ್ದದ್ದು ಪುಸ್ತಕಗಳೇ. ಮೇಜೊಂದು ಉಳಿದಿದೆ. ಲಾರಿ ಎಂಟಕ್ಕೆ.

ಫೈಲು ಅಡುಗೆಮನೆಯ ಕಪಾಟಿನಲ್ಲಿಟ್ಟೆ. ಜೊತೆಗೆ ಕೆಂಪು ಪೆನ್ನು. ಇವರು ನೋಡಿದರು, ಕೆಮ್ಮಿದರು, ದಲ್ಲಾಳಿಯ ಹಾಗೆ.

ಒಂದು ಬಾಕಿ ಇದೆ. ಮೂಲೆಯ ದೀಪ ಈಗಲೂ ಉರಿಯುತ್ತಿದೆ, ಈ ಬಿಸಿಲಲ್ಲಿ. ಅರ್ಜಿಯ ಕರಡು ಇಲ್ಲೇ ಬರೆಯುತ್ತೇನೆ. ಬೇರೆ ಕಾಗದವೆಲ್ಲ ಕಟ್ಟಿಯಾಗಿದೆ.

ನಗರಸಭೆಯ ಆಯುಕ್ತರಿಗೆ,

ನಮ್ಮ ಬೀದಿಯ ಮೂಲೆಯ ದೀಪ ಎರಡು ತಿಂಗಳಿಂದ ಹಗಲಿನಲ್ಲೂ ಉರಿಯುತ್ತಿದೆ. ಸ್ವಿಚ್ ಕೆಟ್ಟಿರಬಹುದು. ಕೂಡಲೇ ಸರಿಪಡಿಸಬೇಕೆಂದು ಕೋರುತ್ತೇನೆ.

ಇಂತಿ,
ಮನೆ ನಂಬರ್ ಹದಿನಾಲ್ಕರ ನಿವಾಸಿ (ಇವತ್ತು ಎಂಟು ಗಂಟೆಯವರೆಗೆ)